ನೆಟ್ಟಗಣ್ಣ ಬಾಗಿಲು ತಟ್ಟಿದ ದಿನ

ನೆಟ್ಟಗಣ್ಣ ನೆಟ್ಟಗೆ ನಿಂತದ್ದನ್ನು ನಮ್ಮ ಊರಿನಲ್ಲಿ ಕಂಡವರಿಲ್ಲ. ಸೊಂಟದಿಂದ ಮೇಲಿನ ದೇಹವನ್ನು ಯಾರೋ ಮಡಿಸಿಟ್ಟು, ಬಿಡಿಸುವುದನ್ನು ಮರೆತು ಹೋದಂತೆ ಅವನು ನೆಲಕ್ಕೆ ಮುಖ ಮಾಡಿಯೇ ನಡೆಯುತ್ತಿದ್ದ. ತೋಳುಗಳೆರಡೂ ಮುಂದಕ್ಕೆ ಜೋತು, ಮೊಣಕಾಲುಗಳು ಕೊಂಚ ಅಗಲವಾಗಿ, ಕಣ್ಣಿಗೆ ಕಾಣದ ಕುರಿಯೊಂದನ್ನು ಸದಾ ಕಾಲ ನಡುವೆ ಅವುಚಿಕೊಂಡವನ ನಡಿಗೆ ಅದು. ಊರಿಗೆ ಹೊಸದಾಗಿ ಬಂದ ಹೆಂಗಸೊಬ್ಬಳು ಬಸ್ಸಿಳಿದವಳೇ ಅವನನ್ನು ನೋಡಿ ಮರುಗಿ, "ಏನು ಬಿತ್ತಣ್ಣ? ನಾನೂ ಹುಡುಕ್ಲಾ?" ಎಂದು ಕೇಳಿದಳಂತೆ. "ವಯಸ್ಸು ಬಿತ್ತಮ್ಮ, ಸಿಕ್ಕಿದ್ರೆ ನೀನೇ ಇಟ್ಕೋ" ಎಂದು ತಲೆಯೆತ್ತದೆ ಮುಂದೆ ಹೋದನಂತೆ ಇವನು.

ಆ ಹೆಸರು ಬಂದದ್ದು ಬೆನ್ನಿನಿಂದಲ್ಲ, ಬಾಯಿಯಿಂದ. ಯಾರು ಏನೇ ಹೇಳಲು ಬಂದರೂ ಪೀಠಿಕೆ ಮುಗಿಯುವ ಮೊದಲೇ "ನೆಟ್ಟಗೆ ಹೇಳು" ಎಂದು ಅಡ್ಡಬಾಯಿ ಹಾಕುವುದು ಅವನ ಚಾಳಿ. 'ಹಾಗಿರಬಹುದು', 'ನೋಡೋಣ', 'ಆದರೂ' ಎಂಬ ಮಾತುಗಳೆಂದರೆ ಅವನಿಗೆ ಕಾಲಿಗೆ ತೊಡರಿದ ಹಗ್ಗವಿದ್ದಂತೆ. ಒಂದೋ ಹೌದು, ಇಲ್ಲದಿದ್ದರೆ ಅಲ್ಲ. ಅವೆರಡರ ನಡುವಿನ ವಿಸ್ತಾರವಾದ ಪ್ರದೇಶದಲ್ಲಿ, ಎಂದರೆ ನಾವೆಲ್ಲ ಸುಖವಾಗಿ ಬಾಳುವ ಆ ಪ್ರದೇಶದಲ್ಲಿ, ಅವನಿಗೆ ನಿಲ್ಲಲು ನೆಲೆಯಿರಲಿಲ್ಲ. ಹೆಂಡತಿಯ ಕಾಯಿಲೆಯನ್ನು ಸುತ್ತಿ ಬಳಸಿ ವಿವರಿಸುತ್ತಿದ್ದ ಡಾಕ್ಟರಿಗೂ ಅದೇ ಮಾತು ಹೇಳಿದ. ಡಾಕ್ಟರು ನೆಟ್ಟಗೆ ಹೇಳಿದರು. ಇವನು ಮನೆಗೆ ಬಂದು ಅವಳ ಮಂಚದ ಪಕ್ಕದಲ್ಲಿ ಕೂತವನು, ಅವಳಿರುವವರೆಗೆ ಮತ್ತೆ ಕತ್ತರಿ ಮುಟ್ಟಲಿಲ್ಲ.

ಕತ್ತರಿ ಎಂದೆನಲ್ಲ, ನಮ್ಮ ಊರು ಬದುಕಿದ್ದೇ ಅದರಿಂದ. ಇಳಿಜಾರಿನ ಮೇಲೆ ಒಂದಕ್ಕೊಂದು ಆತು ನಿಂತ ಮನೆಗಳು, ಒಂದು ಶಾಲೆ, ಒಂದು ಕುಲುಮೆ, ನಾಲ್ಕು ಅಂಗಡಿ; ಕೆಳಗೆ ತೊರೆ, ತೊರೆಗೊಂದು ಮರದ ಸೇತುವೆ, ಅದರಾಚೆ ಹುಲ್ಲಿನ ಗುಡ್ಡ. ಮನೆಗೆ ಇಷ್ಟಿಷ್ಟು ಕುರಿಗಳು, ಎಲ್ಲ ಸೇರಿ ಊರಿಗೊಂದೇ ಹಿಂಡು. ಚಳಿಗಾಲ ಸರಿದ ಮೇಲೆ ಆ ಹಿಂಡನ್ನು ತಗಡಿನ ಮಾಡಿನ ಉದ್ದನೆಯ ಕೊಟ್ಟಿಗೆಗೆ ತಂದು ಉಣ್ಣೆ ಕತ್ತರಿಸುವುದು ವರ್ಷದ ದೊಡ್ಡ ಕೆಲಸ. ಆ ಕೆಲಸದ ಯಜಮಾನ ನೆಟ್ಟಗಣ್ಣ. ಕುರಿಯನ್ನು ಹಿಂದಿನಿಂದ ಎತ್ತಿ ಕೂರಿಸಿ, ಹೊಟ್ಟೆಯಿಂದ ಶುರುಮಾಡಿ, ಕತ್ತಿನ ಸುತ್ತ ಬಳಸಿ, ಬೆನ್ನಿನ ಉದ್ದಕ್ಕೂ ಕತ್ತರಿಯನ್ನು ಓಡಿಸಿದನೆಂದರೆ ಉಣ್ಣೆ ಒಂದೇ ತುಂಡಾಗಿ, ಮಲಗಿದವರ ಮೈಮೇಲಿಂದ ಹೊದಿಕೆ ಜಾರುವಂತೆ ಜಾರಿ ಬೀಳುತ್ತಿತ್ತು. ಉಣ್ಣೆಯ ಜಿಡ್ಡಿನಲ್ಲಿ ಆಡಿ ಆಡಿ ಆ ಒರಟು ಮನುಷ್ಯನ ಅಂಗೈಗಳು ಹಸುಗೂಸಿನ ಕೆನ್ನೆಯಷ್ಟು ಮೃದುವಾಗಿದ್ದವು. ಅದೇ ಜಿಡ್ಡು ಕುಡಿದು ಅವನ ತೋಳಿಲ್ಲದ ಕೋಟು ಮಾತ್ರ ಹಲಗೆಯಾಗಿತ್ತು. ಬಿಚ್ಚಿ ಮೂಲೆಯಲ್ಲಿ ನಿಲ್ಲಿಸಿದರೆ ನಿಲ್ಲುತ್ತಿತ್ತು. ಅದರ ವಾಸನೆಯ ನೆಪ ಹೇಳಿ ಅವನು ಯಾರ ಮನೆಯ ಹೊಸ್ತಿಲನ್ನೂ ತುಳಿಯುತ್ತಿರಲಿಲ್ಲ. ನಿಜವಾದ ಕಾರಣ ಬೇರೆ: ಊರಿನಲ್ಲಿ ಅವನು ಜಗಳವಾಡದ ಮನೆ ಉಳಿದಿರಲಿಲ್ಲ.

ಕುಲುಮೆಯವನು ಕತ್ತರಿಗೆ ಸಾಣೆ ಸರಿಯಾಗಿ ಹಿಡಿಯಲಿಲ್ಲವೆಂದು ಅವನೆದುರಿಗೇ ತನ್ನ ಗಡ್ಡದ ಅರ್ಧ ಕತ್ತರಿಸಿ ತೋರಿಸಿ, ಉಳಿದ ಅರ್ಧವನ್ನು ಹಾಗೇ ಬಿಟ್ಟುಕೊಂಡು ವಾರವೆಲ್ಲ ತಿರುಗಿದ್ದ. ಶಾಲೆಯ ಟೀಚರಮ್ಮ ಮಕ್ಕಳಿಗೆ ಕಸುಬಿನ ಬಗ್ಗೆ ನಾಲ್ಕು ಮಾತು ಹೇಳಿ ಎಂದು ಕರೆದರೆ, ಹೋಗಿ ಒಂದು ಕುರಿಯ ಉಣ್ಣೆ ಇಳಿಸಿ, "ಇಷ್ಟೇ. ಮಾತಲ್ಲಿ ಏನೂ ಇಲ್ಲ. ಇವರು ಅದನ್ನೇ ಕಲಿಸ್ತಾರೆ" ಎಂದು ಎದ್ದು ಬಂದಿದ್ದ. ಆದರೆ ಇವೆಲ್ಲ ಗಾಳಿಗೆ ಹಾರುವ ಜಗಳಗಳು. ಬೇರು ಬಿಟ್ಟದ್ದು ಒಂದೇ, ಅದು ಸ್ವಂತ ಅಣ್ಣನೊಡನೆ.

ಅಣ್ಣನದು ಕತ್ತರಿಸಿದ ಉಣ್ಣೆಯನ್ನು ದೊಡ್ಡ ದೊಡ್ಡ ಹಂಡೆಗಳ ಬಿಸಿನೀರಿನಲ್ಲಿ ತೊಳೆದು ಒಣಗಿಸುವ ಕಾರ್ಖಾನೆ. ಊರ ಬಾಯಲ್ಲಿ ಅದು ತೊಳೆಮನೆ. ಹಿಂದೊಮ್ಮೆ ಉಣ್ಣೆ ಕತ್ತರಿಸುವ ಪಂದ್ಯದಲ್ಲಿ ಅಣ್ಣನೇ ತೀರ್ಪುಗಾರನಾಗಿ ನಿಂತು, ನೆಟ್ಟಗಣ್ಣ ಇಳಿಸಿದ ಕುರಿಯ ಪಕ್ಕೆಯ ಮೇಲೆ ಕೈಯಾಡಿಸಿ, "ಇಲ್ಲಿ ಗಾಯ ಇದೆ, ಕತ್ತರಿ ತಾಗಿದೆ" ಎಂದು ಗೆಲುವನ್ನು ಪರವೂರಿನವನಿಗೆ ಕೊಟ್ಟುಬಿಟ್ಟ. "ಅದು ಮುಳ್ಳು ಗೀರಿದ್ದು" ಎಂದ ತಮ್ಮ. "ಕತ್ತರಿ" ಎಂದ ಅಣ್ಣ. ಅಲ್ಲಿಗೆ ಮಾತು ಮುಗಿಯಿತು. ಮುಗಿಯಿತು ಎಂದರೆ ವರ್ಷಗಳ ಮಟ್ಟಿಗೆ ಮುಗಿಯಿತು. ಕೊಟ್ಟಿಗೆಯಿಂದ ತೊಳೆಮನೆಗೆ ಉಣ್ಣೆ ಹೋಗುತ್ತಿತ್ತು, ಮಾತು ಹೋಗುತ್ತಿರಲಿಲ್ಲ.

ಇಂಥ ಮನುಷ್ಯನಿಗೆ ಎದುರು ಮಾತಾಡುವ ಧೈರ್ಯವಿದ್ದದ್ದು ಅವನ ಮಗಳೊಬ್ಬಳಿಗೆ. ಊರಿನ ಹಿಂಡನ್ನು ಕಾಯುವವಳು ಅವಳೇ. ಅಪ್ಪನ ಮೊಂಡುತನ, ಅಮ್ಮನ ಮೆಲುದನಿ ಎರಡೂ ಅವಳಿಗೆ ಬಂದಿದ್ದರಿಂದ, ಮೆತ್ತಗೆ ಮಾತಾಡಿಯೇ ಗೋಡೆಯಂತೆ ನಿಲ್ಲಬಲ್ಲವಳು.

ಆ ವರ್ಷ ಕತ್ತರಿಯ ಕೆಲಸ ಅರ್ಧಕ್ಕಿಂತ ಹೆಚ್ಚು ಮುಗಿದಿತ್ತು. ಉಣ್ಣೆ ಇಳಿಸಿದ ಕುರಿಗಳು ತೊರೆಯಾಚೆಯ ಗುಡ್ಡದಲ್ಲಿ ಬೆಳ್ಳಗೆ ಮೇಯುತ್ತಿದ್ದವು. ಉಳಿದವು ಕೊಟ್ಟಿಗೆಯೊಳಗೆ ಕಾಯುತ್ತಿದ್ದವು. ಬೆಳಿಗ್ಗೆ ಮಗಳು ಕೊಟ್ಟಿಗೆಯ ಬಾಗಿಲಲ್ಲಿ ನಿಂತು, "ಅಪ್ಪ, ಇವತ್ತು ಕತ್ತರಿ ಬೇಡ. ನಿನ್ನೆ ಇಳಿಸಿದವನ್ನೂ ಗುಡ್ಡಕ್ಕೆ ಹೊಡೆಯೋದು ಬೇಡ ಅನ್ಸುತ್ತೆ. ಗಾಳಿ ಯಾಕೋ ಸರಿ ಇಲ್ಲ" ಎಂದಳು.

"ನೆಟ್ಟಗೆ ಹೇಳು. ಮಳೆ ಬರುತ್ತಾ, ಇಲ್ವಾ?"

"ಅದನ್ನ ಹೇಗಪ್ಪ ಹೇಳ್ಲಿ? ಗುಡ್ಡದಲ್ಲಿರೋ ಕುರಿಗಳು ಮೇಯದೆ ಒತ್ತೊತ್ತಾಗಿ ನಿಂತಿವೆ. ನನ್ನ ಮನಸ್ಸಿಗೆ..."

"ಮನಸ್ಸಿಗೆ!" ಎಂದ ನೆಟ್ಟಗಣ್ಣ, ಉಳಿದ ಕತ್ತರಿಯವರ ಕಡೆ ತಿರುಗಿ. ಅವರು ಊರಿಂದೂರಿಗೆ ಹೋಗುವ ಆಳುಗಳು; ಮಾರನೆಯ ದಿನ ಬೇರೆ ಕಡೆ ಹೋಗಬೇಕಾಗಿತ್ತು. ಅವರ ಮುಂದೆ ಮಗಳ ಮಾತಿಗೆ ಕೆಲಸ ನಿಲ್ಲಿಸಿದರೆ ಮುಖ ಎಲ್ಲಿಡುವುದು? "ಹೊಡ್ಕೊಂಡು ಹೋಗು. ಆಕಾಶ ನಾನೂ ನೋಡಿದ್ದೀನಿ."

ನಡು ಬಗ್ಗಿದವನು ಆಕಾಶ ನೋಡಿದ್ದು ಯಾವಾಗ ಎಂದು ಯಾರೂ ಕೇಳಲಿಲ್ಲ. ಮಗಳು ಹಿಂದಿನ ದಿನ ಇಳಿಸಿದ ಕುರಿಗಳನ್ನು ಹೊಡೆದುಕೊಂಡು ಸೇತುವೆ ದಾಟಿದಳು.

ಮಧ್ಯಾಹ್ನದ ಊಟದ ಹೊತ್ತಿಗೆ ಗಾಳಿ ಮಗ್ಗುಲು ಬದಲಿಸಿತು. ಮೊದಲು ಬಂದದ್ದು ಮಳೆಯಲ್ಲ, ಚಳಿ; ಬೀದಿಯಲ್ಲಿ ಬಟ್ಟೆ ಒಣಹಾಕುತ್ತಿದ್ದವರು ಕೈ ಒಳಗೆ ಎಳೆದುಕೊಳ್ಳುವಂಥ ಚಳಿ. ಆಮೇಲೆ ತಗಡಿನ ಮೇಲೆ ನಾಲ್ಕು ಹನಿ. ಕತ್ತರಿಯವರಲ್ಲಿ ಒಬ್ಬ ಕೈ ನಿಲ್ಲಿಸಿ ಯಜಮಾನನ ಕಡೆ ನೋಡಿದ. ನೆಟ್ಟಗಣ್ಣ ಕುರಿಯ ಕತ್ತಿನ ಸುತ್ತ ಕತ್ತರಿ ಬಳಸುತ್ತಿದ್ದವನು ನಿಲ್ಲಲಿಲ್ಲ. ಹಿಡಿದ ಕುರಿಯನ್ನು ಅರ್ಧಕ್ಕೆ ಬಿಟ್ಟವನಲ್ಲ ಅವನು. ಹೊರಗೆ ಬೆಂಕಿ ಬಿದ್ದಿದೆ ಎಂದು ಕೂಗಿದಾಗಲೂ ಬೆನ್ನು ಮುಗಿಸಿಯೇ ಎದ್ದಿದ್ದ ಎಂದು ಹೇಳುತ್ತಾರೆ. ಹನಿ ದಪ್ಪವಾಯಿತು. ತಗಡಿನ ಸದ್ದು ಏರುತ್ತಾ ಏರುತ್ತಾ, ಕತ್ತರಿಯ ಕಚಕಚ ಕೇಳದಷ್ಟಾಯಿತು. ನಡುವೆ ಆಲಿಕಲ್ಲಿನ ಟಣಟಣ. ಕೊಟ್ಟಿಗೆಯೊಳಗಿನ, ಮೈತುಂಬ ಉಣ್ಣೆ ಹೊದ್ದ ಕುರಿಗಳೇ ಒಂದರ ಹೊಟ್ಟೆಯ ಕೆಳಗೊಂದು ತಲೆ ತೂರಿಸತೊಡಗಿದ್ದವು.

ಅವನ ಮೊಣಕಾಲ ನಡುವಿನ ಕುರಿ ನಡುಗಿತು. ಉಣ್ಣೆ ಇಳಿದಷ್ಟು ಭಾಗ ಮಾತ್ರ ನಡುಗುತ್ತಿತ್ತು, ಉಣ್ಣೆಯಿದ್ದ ಭಾಗ ಸುಮ್ಮನಿತ್ತು. ನೆಟ್ಟಗಣ್ಣ ತನ್ನ ಆ ಮೆತ್ತಗಿನ ಅಂಗೈಯನ್ನು ಅದರ ಬೋಳು ಪಕ್ಕೆಯ ಮೇಲಿಟ್ಟ. ಆಮೇಲೆ ಕತ್ತರಿಯನ್ನು ನೆಲಕ್ಕೆ ಬಿಸುಟು ಎದ್ದ. ಅರ್ಧ ಇಳಿದ ಉಣ್ಣೆಯನ್ನು ಕಂಬಳಿಯಂತೆ ನೆಲದ ಮೇಲೆ ಎಳೆಯುತ್ತಾ ಆ ಕುರಿ ಕೊಟ್ಟಿಗೆಯ ತುಂಬ ಓಡಾಡಿತು. ಕತ್ತರಿಯವರು ಅದನ್ನು ನೋಡಿ ನಗಲಿಲ್ಲ; ಬೆದರಿದರು.

ಸೇತುವೆಗೆ ಅವನು ಓಡಿದ ಓಟವನ್ನು ಕಂಡವರು ಮರೆತಿಲ್ಲ. ಬಾಗಿದ ಮನುಷ್ಯ ಓಡಿದರೆ ಪ್ರತಿ ಹೆಜ್ಜೆಗೂ ಬೀಳುತ್ತಿರುವಂತೆಯೇ ಕಾಣುತ್ತದೆ. ತೊರೆ ಕೆಂಪಾಗಿ ಸೇತುವೆಯ ಹಲಗೆಗಳನ್ನು ನೆಕ್ಕುತ್ತಿತ್ತು. ಆಚೆ ದಡದಲ್ಲಿ ಮಗಳು, ಅವಳ ಸುತ್ತ ಹಿಂಡು. ಬೋಳು ಮೈಗಳು ಒದ್ದೆಯಾಗಿ, ಗುಲಾಬಿ ಚರ್ಮ ಕಾಣುತ್ತಾ, ಕುರಿಗಳಂತಲ್ಲ, ಸುಲಿದಿಟ್ಟ ಏನೋ ಒಂದರಂತೆ ಕಾಣುತ್ತಿದ್ದವು. ಮುಂದಾಳು ಟಗರು ನೀರಿನ ಸದ್ದಿಗೆ ಹೆದರಿ ಸೇತುವೆಗೆ ಕಾಲಿಡಲೊಲ್ಲದು. ಅದು ನಿಂತರೆ ಹಿಂದಿನವೂ ನಿಂತವು. ನಿಂತ ಕುರಿ ಕೂರುತ್ತದೆ, ಅಂಥ ಚಳಿಯಲ್ಲಿ ಕೂತ ಕುರಿ ಏಳುವುದಿಲ್ಲ. ಆಗಲೇ ಕೆಲವು ಕೂತಿದ್ದವು.

ನೆಟ್ಟಗಣ್ಣ ಟಗರಿನ ಕೊಂಬು ಹಿಡಿದು ಎಳೆದ, ಬೈದ, ಗುದ್ದಿದ. ಅದು ಅವನಷ್ಟೇ ಮೊಂಡ. ಕೊನೆಗೆ ಅದನ್ನು ಉಣ್ಣೆ ಕತ್ತರಿಸಲು ಎತ್ತುವಂತೆಯೇ ಹಿಂದಿನಿಂದ ಎತ್ತಿ, ಎದೆಗೆ ಅವುಚಿಕೊಂಡು, ಹಿಂದೆ ಹಿಂದೆ ಹೆಜ್ಜೆಯಿಡುತ್ತಾ ಸೇತುವೆ ದಾಟಿಸಿದ. ಹಿಂಡು ಹರಿದು ಬಂತು.

"ಬಾ ನೀನೂ!" ಎಂದು ಕೂಗಿದ ಮಗಳಿಗೆ.

"ಕೂತವನ್ನ ಬಿಟ್ಟು ಹೇಗೆ ಬರ್ಲಿ? ಮೊದಲು ಇವಕ್ಕೆ ಜಾಗ ನೋಡು" ಎಂದಳು ಅವಳು, ಗಾಳಿಯಲ್ಲಿ ಅರ್ಧ ಮಾತು ಹಾರಿಹೋಗುತ್ತಿದ್ದಂತೆ, ಮತ್ತೆ ಗುಡ್ಡದ ಕಡೆ ತಿರುಗಿದಳು.

ಜಾಗ! ಕೊಟ್ಟಿಗೆ ಆಗಲೇ ಭರ್ತಿ. ಊರಿನಲ್ಲಿ ಉಳಿದದ್ದು ಮನೆಗಳು, ಆ ಮನೆಗಳಿಗೆ ಬಾಗಿಲುಗಳು, ಆ ಬಾಗಿಲುಗಳಲ್ಲಿ ಒಂದನ್ನೂ ಅವನು ಎಂದೂ ತಟ್ಟಿರಲಿಲ್ಲ.

ಮೊದಲು ಕುಲುಮೆ. ಆಮೇಲೆ ನಮ್ಮ ಮನೆ. ನಾನು ಬಾಗಿಲು ತೆರೆದಾಗ ಅವನ ಹುಬ್ಬಿನಿಂದ, ಮೂಗಿನಿಂದ ನೀರು ಸುರಿಯುತ್ತಿತ್ತು. ಹಿಂದೆ ಬೀದಿಯ ತುಂಬ ನಡುಗುವ ಕುರಿಗಳು. ಅವನು ದಯವಿಟ್ಟು ಎನ್ನಲಿಲ್ಲ, ಏನು ಮಾಡೋದು ಕಾಲ ಹೀಗಾಯ್ತು ಎನ್ನಲಿಲ್ಲ, ಚಳಿಯನ್ನು, ಆಳುಗಳನ್ನು, ದೈವವನ್ನು ದೂರಲಿಲ್ಲ. ಕತ್ತನ್ನು ಕಷ್ಟಪಟ್ಟು ಮೇಲೆತ್ತಿ ನನ್ನ ಕಣ್ಣಲ್ಲಿ ಕಣ್ಣಿಟ್ಟು ಹೇಳಿದ: "ತಪ್ಪು ನಂದು. ಕುರಿ ನಿಮ್ಮದು. ಒಳಗೆ ತಗೊಳ್ಳಿ."

ಅಷ್ಟೇ. ನಾನು ಉತ್ತರ ಕೊಡುವ ಮೊದಲೇ ಏಳೆಂಟು ಕುರಿಗಳು ನನ್ನನ್ನು ತಳ್ಳಿಕೊಂಡು ಅಡುಗೆಮನೆಗೆ ನುಗ್ಗಿದ್ದವು. ಅವನು ಪಕ್ಕದ ಬಾಗಿಲು ತಟ್ಟುತ್ತಿದ್ದ. "ತಪ್ಪು ನಂದು. ಕುರಿ ನಿಮ್ಮದು." ಗೋಡೆಯಾಚೆಯಿಂದ ಅದೇ ಮಾತು, ಅದರಾಚೆಯ ಮನೆಯಿಂದ ಮತ್ತೆ ಅದೇ ಮಾತು, ದೂರವಾಗುತ್ತಾ, ಪ್ರತಿ ಸಲವೂ ಅಷ್ಟೇ ಗಟ್ಟಿಯಾಗಿ. ಕುಲುಮೆಯವನು ತಿದಿಯೊತ್ತಿ ಬೆಂಕಿ ಏರಿಸಿದ. ಟೀಚರಮ್ಮ ಬೆಂಚುಗಳನ್ನು ಗೋಡೆಗೆ ಸರಿಸಿ, ಭೂಪಟದ ಕೆಳಗೆ ಕುರಿಗಳನ್ನು ನಿಲ್ಲಿಸಿ, ಬಟ್ಟೆಯ ಪರದೆಗಳನ್ನೇ ಕಿತ್ತು ಅವುಗಳ ಮೈ ಒರೆಸಿದರು. ಕ್ಷೌರಿಕ ತನ್ನ ಅಂಗಡಿಯಲ್ಲಿ ಕನ್ನಡಿಯ ಮುಂದೆ ಸಾಲಾಗಿ ನಿಂತ ಬೋಳು ಕುರಿಗಳನ್ನು ನೋಡಿ, "ಇವರದ್ದೆಲ್ಲ ಬೇರೆ ಕಡೆ ಆಗಿಬಿಟ್ಟಿದೆಯಲ್ಲಪ್ಪ, ನನ್ನ ಹತ್ರ ಯಾಕೆ ಬಂದ್ರು?" ಎಂದ. ಎರಡು ಕುರಿ ಸತ್ತು ಬಾಗಿಲಲ್ಲೇ ಬಿದ್ದಿದ್ದರಿಂದ ಆ ನಗೆಮಾತು ಅವನ ಬಾಯಲ್ಲೇ ಕಹಿಯಾಯಿತು.

ಬಾಗಿಲುಗಳು ಮುಗಿದವು, ಕುರಿಗಳು ಮುಗಿಯಲಿಲ್ಲ. ಬೀದಿಯ ತುದಿಯಲ್ಲಿ ಇನ್ನೂ ದೊಡ್ಡದೊಂದು ಗುಂಪು. ಎದುರಿಗೆ ತೊಳೆಮನೆ: ಊರಿನಲ್ಲೇ ದೊಡ್ಡ ಮಾಡು, ಒಳಗೆ ಉರಿಯುವ ಒಲೆಗಳು, ಕುದಿಯುವ ಹಂಡೆಗಳು. ಬಾಗಿಲಲ್ಲಿ ಅಣ್ಣ ಕೈಕಟ್ಟಿ ನಿಂತಿದ್ದ. ನಾವು ಕೆಲವರು ಕುರಿಗಳನ್ನು ಅತ್ತ ಹೊಡೆದುಕೊಂಡು ಬಂದಿದ್ದೆವು. ಇಬ್ಬರನ್ನೂ ಎದುರುಬದುರು ಕಂಡು ಎಲ್ಲರ ಕಾಲೂ ನಿಂತವು.

"ಮಗಳು ಬೇಡ ಅಂದ್ಲಂತೆ" ಎಂದ ಅಣ್ಣ.

"ಅಂದ್ಲು."

"ನೀನು ಕೇಳ್ಲಿಲ್ಲ."

"ಕೇಳ್ಲಿಲ್ಲ. ತಪ್ಪು ನಂದು. ಬಾಗಿಲು ಬಿಡು."

ಅಣ್ಣ ಕದಲಲಿಲ್ಲ. "ಅವತ್ತು ಪಂದ್ಯದಲ್ಲಿ ಆ ಗಾಯ ಕತ್ತರಿದೋ, ಮುಳ್ಳಿಂದೋ? ಈಗ ನೆಟ್ಟಗೆ ಹೇಳು ನೋಡೋಣ."

ಒಂದು ಕುರಿ ಮೊಣಕಾಲೂರಿತು. ನಮ್ಮಲ್ಲಿ ಯಾರೋ, "ಹೂಂ ಅಂದ್ಬಿಡಪ್ಪ, ಕತ್ತರಿ ಅಂದ್ಬಿಡು, ಏನೀಗ!" ಎಂದು ಅಳುದನಿಯಲ್ಲಿ ಅಂದರು. ಒಂದೇ ಮಾತು ಸಾಕಾಗಿತ್ತು. ಯಾರಾದರೂ ಹೇಳಿಬಿಡುತ್ತಿದ್ದರು, ನಾನಾಗಿದ್ದರೆ ಪ್ರಶ್ನೆ ಮುಗಿಯುವ ಮೊದಲೇ ಹೇಳಿರುತ್ತಿದ್ದೆ. ನೆಟ್ಟಗಣ್ಣ ಕತ್ತು ಮೇಲೆತ್ತಿದ. ದವಡೆ ಚಳಿಗೆ ಕಟಕಟನೆ ಬಡಿಯುತ್ತಿತ್ತು.

"ಮುಳ್ಳಿಂದು" ಎಂದ. "ಅವತ್ತಿಂದು ಮುಳ್ಳು. ಇವತ್ತಿಂದು ನಾನು. ಬಾಗಿಲು ಬಿಡಣ್ಣ."

ಅಣ್ಣನ ಮುಖ ಕೆಂಪಾಯಿತು, ಬಿಳಿಚಿತು, ಆಮೇಲೆ ಏನನ್ನೋ ಉಗುಳುವವನಂತೆ, "ಸುಡುಗಾಡು ಮೊಂಡ! ನಿಂತು ನೋಡ್ತೀಯೇನು, ಒಳಗೆ ತಳ್ಳು!" ಎಂದು ಎರಡೂ ಕದಗಳನ್ನು ಗೋಡೆಗೆ ಬಡಿಯುವಂತೆ ತೆರೆದ.

ಹಿಂಡಿನ ಕೊನೆಯ ಬಾಲ ಒಳಹೋದದ್ದನ್ನು ನೋಡಲೂ ನೆಟ್ಟಗಣ್ಣ ನಿಲ್ಲಲಿಲ್ಲ. ಕೊಟ್ಟಿಗೆಗೆ ನುಗ್ಗಿ, ತುಂಬಿ ಹೊಲಿದಿಟ್ಟ ಉಣ್ಣೆಯ ಗೋಣಿಚೀಲಗಳನ್ನು ಕತ್ತರಿಯಿಂದ ಹರಿದು, ವರ್ಷದ ಉಣ್ಣೆಯನ್ನು ಕೆಸರಿಗೆ ಸುರಿದು, ಖಾಲಿ ಚೀಲಗಳನ್ನು ಹೆಗಲಿಗೆ ಹಾಕಿಕೊಂಡು ಸೇತುವೆಯ ಕಡೆ ಓಡಿದ. ಹಿಂದಿನಿಂದ ಅಣ್ಣ, ಕುಲುಮೆಯವನು, ಇನ್ನೂ ನಾಲ್ಕಾರು ಮಂದಿ. ಗುಡ್ಡದ ಮರೆಯಲ್ಲಿ ಮಗಳು ಕೂತ ಕುರಿಗಳ ನಡುವೆ ತಾನೂ ಕೂತು, ಎರಡು ಮರಿಗಳನ್ನು ಅಂಗಿಯೊಳಗೆ ತೂರಿಸಿಕೊಂಡಿದ್ದಳು. ತುಟಿ ನೀಲಿಯಾಗಿತ್ತು. ಅಪ್ಪನನ್ನು ನೋಡಿ, ತೊದಲುತ್ತಾ, ಆದರೆ ಸ್ಪಷ್ಟವಾಗಿ ಹೇಳಿದಳು: "ಈಗ ನೆಟ್ಟಗೆ ಹೇಳ್ತೀನಪ್ಪ. ಮಳೆ ಬಂತು."

ಅವನು ಹಲಗೆಯಂಥ ಆ ಕೋಟನ್ನು ಬಿಚ್ಚಿ ಅವಳಿಗೆ ತೊಡಿಸಿದ. ಆಮೇಲೆ ಗೋಣಿಯ ತಳದಲ್ಲಿ ತೂತು ಮಾಡಿ ಕುರಿಗಳ ಕತ್ತಿಗೆ ತೂರಿಸುತ್ತಾ, ಎದ್ದವನ್ನು ಅಟ್ಟಿ, ಏಳದವನ್ನು ಹೊತ್ತು, ಕತ್ತಲಾಗುವ ಮೊದಲು ಬದುಕಿದ್ದವನ್ನೆಲ್ಲ ಇಳಿಸಿದರು. ಆ ದಿನ ಅಣ್ಣತಮ್ಮಂದಿರು ಒಂದೇ ಕುರಿಯ ಎರಡು ತುದಿ ಹಿಡಿದು ಸೇತುವೆ ದಾಟಿದ್ದನ್ನು ನಾನು ಕಂಡೆ; ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

ಹೆಚ್ಚಿನವು ಉಳಿದವು. ಉಳಿಯದವನ್ನು ಮರುದಿನ ಕೊಟ್ಟಿಗೆಯ ಗೋಡೆಯುದ್ದಕ್ಕೂ ಮಲಗಿಸಿದ್ದರು. ಅಗೆಯುವ ಕೆಲಸವನ್ನು ನೆಟ್ಟಗಣ್ಣ ಬೇರೆಯವರಿಗೆ ಬಿಡಲಿಲ್ಲ. ದರ್ಜಿಯ ಹೆಂಡತಿಯ ಕುರಿಗಳಲ್ಲಿ ಒಂದೂ ಉಳಿದಿರಲಿಲ್ಲ. "ನೀನು ಬಾಗಿಲು ತಟ್ಟಿದ್ದಕ್ಕೆ ನನ್ನ ಕುರಿ ಎದ್ದು ಬರಲ್ಲ" ಎಂದಳು ಅವಳು, ಗುಂಡಿಯ ಅಂಚಿನಲ್ಲಿ ನಿಂತು. "ಬರಲ್ಲ" ಎಂದ ಅವನು, ಗುದ್ದಲಿ ನಿಲ್ಲಿಸಿ. ತನ್ನ ಕುರಿಗಳನ್ನು ತಂದು ಅವಳ ಗೇಟಿಗೆ ಕಟ್ಟಿದ. ಅವಳು ಬಿಚ್ಚಿ ಅಟ್ಟಿದಳು. ಅವನು ಮತ್ತೆ ಕಟ್ಟಿದ. ಈ ಕಟ್ಟುವ ಬಿಚ್ಚುವ ಆಟ ಬಹಳ ದಿನ ನಡೆದು, ಕಡೆಗೆ ಅವಳು ಬಿಚ್ಚುವುದನ್ನು ಬಿಟ್ಟಳು. ಆದರೆ ಅವನೊಡನೆ ಮಾತಾಡಲಿಲ್ಲ, ಕೊನೆಯವರೆಗೂ ಮಾತಾಡಲಿಲ್ಲ. ಅವನೂ ಅದನ್ನು ನಿರೀಕ್ಷಿಸಿದಂತೆ ಕಾಣಲಿಲ್ಲ.

ಇನ್ನೂ ಕತ್ತರಿ ಕಾಣದ ಕುರಿಗಳ ಉಣ್ಣೆ ಇಳಿಸಲು ಪ್ರತಿ ಬೆಳಿಗ್ಗೆ ಮಗಳ ಮುಂದೆ ನಿಂತು "ಇವತ್ತು?" ಎನ್ನುತ್ತಿದ್ದ. "ಬೇಡ" ಎಂದರೆ ಕಾರಣ ಕೇಳದೆ ಕತ್ತರಿಯನ್ನು ಗೂಟಕ್ಕೆ ತೂಗುಹಾಕುತ್ತಿದ್ದ. ಅವಳು "ಮನಸ್ಸಿಗೆ ಯಾಕೋ..." ಎಂದು ಶುರುಮಾಡಿದರೂ ಸುಮ್ಮನೆ ಕೇಳಿಸಿಕೊಳ್ಳುವುದನ್ನು ಕಲಿತಿದ್ದ, ಕಲಿಯುವಾಗ ಪಟ್ಟ ಪಾಡು ಮುಖದಲ್ಲಿ ಎದ್ದು ಕಾಣುತ್ತಿತ್ತು. ಅಣ್ಣನೊಡನೆ ಮಾತು ಮತ್ತೆ ಶುರುವಾಯಿತು, ಅದೂ ಒಂದೇ ವಿಷಯಕ್ಕೆ: ಸಂಜೆ ತೊಳೆಮನೆಯ ಒಲೆಯ ಮುಂದೆ ಕೂತು ಕತ್ತರಿಯೋ ಮುಳ್ಳೋ ಎಂದು ಇಬ್ಬರೂ ಕಿರುಚಾಡುತ್ತಿದ್ದರು.

ಇಂಥವರೊಡನೆ ಬಾಳುವುದು ಸುಲಭವಲ್ಲ. ಇವರ ಹಟದಿಂದ ಆಗುವ ಹಾನಿ ಕಲ್ಪನೆಯಲ್ಲ, ಅದನ್ನು ಹೂಳಲು ನಿಜವಾದ ಗುಂಡಿ ತೋಡಬೇಕಾಗುತ್ತದೆ. ಆಮೇಲೆ ಎಷ್ಟು ಓಡಾಡಿದರೂ ಅದು ತುಂಬುವುದಿಲ್ಲವೆಂದು ದರ್ಜಿಯ ಹೆಂಡತಿ ಬಲ್ಲಳು. ಆದರೂ ನಾನು ಬದುಕಿನಲ್ಲಿ ಕಂಡ ಮಂದಿಯಲ್ಲಿ ಹೆಚ್ಚಿನವರು, ನನ್ನನ್ನೂ ಸೇರಿಸಿ, ತಪ್ಪನ್ನು ಒಪ್ಪಿಕೊಳ್ಳುವುದು ಎಲ್ಲ ಮುಗಿದು ತಣ್ಣಗಾದ ಮೇಲೆ, ಒಪ್ಪಿದರೂ ಬಿಟ್ಟರೂ ಯಾವುದೂ ಬದಲಾಗದ ಹೊತ್ತಿನಲ್ಲಿ; ಆಗ ಅದು ಒಂದು ಬಗೆಯ ಅಲಂಕಾರವಾಗಿಯೂ ಒಪ್ಪುತ್ತದೆ. ತಪ್ಪು ಇನ್ನೂ ನಡೆಯುತ್ತಿರುವಾಗಲೇ, ಮುಖ ಉಳಿಸಿಕೊಳ್ಳಲು ಇನ್ನೂ ಅವಕಾಶವಿರುವಾಗಲೇ, 'ನಂದು' ಎಂದು ಬೀದಿಯಲ್ಲಿ ನಿಂತು ಹೇಳುವವರು, ಅದೇ ಗಳಿಗೆಯಲ್ಲಿ ತಮ್ಮದಲ್ಲದ ತಪ್ಪಿಗೆ ಜೀವ ಹೋದರೂ ಹೂಂಗುಟ್ಟದವರು, ಊರಿಗೆ ಒಬ್ಬರು ಸಿಕ್ಕರೆ ಹೆಚ್ಚು. ಅವರನ್ನು ನಾವು ಪ್ರೀತಿಸಲಾರೆವು; ಆದರೆ ಅವರು ಬಂದು ನಿಂತರೆ ಏನಾಗಿದೆ, ಏನು ಮಾಡಬೇಕು ಎಂಬುದು ತಟ್ಟನೆ ತಿಳಿಯುತ್ತದೆ, ಕೈಗಳು ತಾವಾಗಿ ಕೆಲಸಕ್ಕೆ ತೊಡಗುತ್ತವೆ, ಉಳಿಯಬಹುದಾದದ್ದರಲ್ಲಿ ಒಂದಷ್ಟು ಉಳಿಯುತ್ತದೆ.